ನಿನ್ನ ಸೀರೆ ಉಟ್ಟ ದಿನ

ಅಕ್ಕಾ,

ನಿನ್ನ ಮುಖವನ್ನೇ ನೋಡದವಳು ಹೀಗೆ ಸಲುಗೆಯಿಂದ ಕರೆಯುತ್ತಿದ್ದೇನೆ, ಸಿಟ್ಟಾಗಬೇಡ. ನಿನ್ನ ಗಂಡನಿಗೆ ನಾನು ಎರಡನೆಯವಳು. ತಾಳಿಯ ಜೊತೆಗೆ, ತೀರಿಹೋದ ಮೊದಲಿನವಳಿಗೆಂದು ಕಟ್ಟುವ ನಿನ್ನ ಹೆಸರಿನ ಬೆಳ್ಳಿ ಬಿಲ್ಲೆಯನ್ನೂ ನನ್ನ ಕೊರಳಿಗೆ ಕಟ್ಟಿದ್ದಾರೆ. ಹೊಸ ಸೀರೆ ಬಂದರೆ ಮೊದಲು ನಿನ್ನ ಹೆಸರಿಗೆ ಇಟ್ಟು ಆಮೇಲೆ ನಾನು ಉಡಬೇಕು. ಇಷ್ಟು ಹತ್ತಿರದವಳಿಗೆ ಬಹುವಚನ ಯಾಕೆ?

ಕಮಲಾಪುರದಿಂದ ಬಂದು ಈ ಬ್ರಹ್ಮಪುರದ ಮನೆಯ ಹೊಸ್ತಿಲು ದಾಟಿದ ದಿನ ನಿನ್ನ ನಾಯಿ ಮೋತಿ ಬೊಗಳಲೂ ಇಲ್ಲ. ಬೊಗಳಿದ್ದರೆ ಚೆನ್ನಾಗಿತ್ತು. ಒಮ್ಮೆ ಮೂಸಿ ನೋಡಿ, ಹೋಗಿ ಕಟ್ಟೆಯ ಮೇಲೆ ಬೀದಿ ನೋಡುತ್ತ ಕುಳಿತಿತು. ಅವತ್ತಿನಿಂದ ನನ್ನ ಕೈಯ ತುತ್ತು ಮುಟ್ಟಲಿಲ್ಲ. ಪಕ್ಕದ ಮುಸಲ್ಮಾನರ ಮನೆಯ ಖಾಲಾ ಗೋಡೆಯ ಮೇಲಿಂದ ಹಾಕುತ್ತಿದ್ದ ರೊಟ್ಟಿಯ ಚೂರುಗಳ ಮೇಲೆ ಜೀವ ಹಿಡಿದಿತ್ತು. ರಜಾಕಾರರ ಗಲಾಟೆಗೆ ಹೆದರಿ ನೀನೂ ಇವರೂ ಗಡಿ ದಾಟಿ ಸೊಲ್ಲಾಪುರದ ಕಡೆಯ ಕ್ಯಾಂಪಿಗೆ ಹೋದಾಗ ಮೋತಿಯನ್ನು ಸಾಕಿದವರು ಅವರೇ. ಸೈನ್ಯ ಬಂದು ಪೊಲೀಸ್ ಆಕ್ಷನ್ ಆಯಿತು, ಹೆದರುವ ಸರದಿ ಅವರದಾಯಿತು, ಆಗಲೂ ನಾಯಿಗೆ ರೊಟ್ಟಿ ತಪ್ಪಿಸಲಿಲ್ಲವಂತೆ. ಇವರು ಒಬ್ಬರೇ ಮರಳಿ ಬಂದರು. ನೀನು ಅಲ್ಲೇ ಜ್ವರದಲ್ಲಿ... ಮೋತಿಗೆ ಅದನ್ನು ಯಾರು ಹೇಳಬೇಕಿತ್ತು?

ಒಂದು ದಿನ ಕಚೇರಿಗೆ ಹೊರಡುತ್ತ ಇವರು, "ಇನ್ನೊಂದು ವಾರ ನೋಡ್ತೀನಿ. ಉಣ್ಣಲಿಲ್ಲಂದ್ರ ನಿಮ್ಮ ಕಮಲಾಪುರದ ಹೊಲಕ್ಕ ಬಿಟ್ಟು ಬರ್ತೀನಿ" ಅಂದರು. ಬಂದವಳು ಮೊದಲಿನವಳ ನಾಯಿಯನ್ನೂ ಹೊರಗೆ ಹಾಕಿದಳು ಎಂದು ಓಣಿ ಆಡಿಕೊಳ್ಳುವುದಿಲ್ಲವೇ? ಅದಿರಲಿ, ಹಗಲೆಲ್ಲ ಈ ಮನೆಯಲ್ಲಿ ಉಸಿರಾಡುವವರು ನಾವಿಬ್ಬರೇ. ಅದೂ ಹೋದರೆ ನಾನು ಯಾರ ಮುಖ ನೋಡಲಿ?

ನನ್ನನ್ನು ನೋಡಲು ಬಂದ ಅವ್ವ, "ನಾಯಿಗಿ ಮೂಗೇ ಕಣ್ಣು. ಅಕಿ ಸೀರಿ ಉಟಗೊಂಡು ರೊಟ್ಟಿ ಹಾಕು, ತಾನೇ ಹೊಂದತದ" ಅಂದಳು. ಬಿಲ್ಲೆ ಕಟ್ಟಿಸಿಕೊಂಡವಳು ಸೀರೆ ಉಟ್ಟರೆ ತಪ್ಪೇನು ಎಂದುಕೊಂಡೆ. ಟ್ರಂಕಿನಿಂದ ನಿನ್ನ ಹಸಿರು ಇಳಕಲ್ ಸೀರೆ ತೆಗೆದು ಉಟ್ಟೆ. ಮೋತಿ ಕಟ್ಟೆಯಿಂದ ಹಾರಿ ಬಂತು ಅಕ್ಕಾ! ಬಾಲವಷ್ಟೇ ಅಲ್ಲ, ಇಡೀ ಮೈ ಅಲ್ಲಾಡಿಸುತ್ತ ನೆರಿಗೆಯಲ್ಲಿ ಮುಖ ಹುದುಗಿಸಿತು. ನನಗೂ ಕಣ್ಣು ತುಂಬಿ, "ಮೋತಿ" ಎಂದೆ. ದನಿ ಕೇಳಿ ತಲೆ ಎತ್ತಿತು. ನನ್ನನ್ನು ನೋಡಿತು. ಆಮೇಲೆ ಅಡುಗೆಮನೆ, ದೇವರಮನೆ, ಹಿತ್ತಲು, ಎಲ್ಲ ಕಡೆ ನಿನ್ನನ್ನು ಹುಡುಕಿತು. ಸಂಜೆ ಬಂದ ಇವರು ಬೆನ್ನ ಹಿಂದಿನಿಂದ ನಿನ್ನ ಹೆಸರು ಹಿಡಿದು ಕರೆದರು. ನಾನು ತಿರುಗಿದೆ. ಇವರು ಮುಖ ತಿರುಗಿಸಿ ಒಳಗೆ ಹೋದರು. ಅವತ್ತು ನಾನು ಇಬ್ಬರಿಗೆ ಮೋಸ ಮಾಡಿದ್ದೆ.

ಎರಡು ದಿನ ಮೋತಿ ಖಾಲಾ ಹಾಕಿದ್ದನ್ನೂ ಮುಟ್ಟಲಿಲ್ಲ. ಖಾಲಾ ಬೈದರು: "ಜಬರ್ದಸ್ತಿ ಮಾಡಬ್ಯಾಡ ಬೇಟಿ. ಕರೀಬ್ಯಾಡ, ನೋಡಬ್ಯಾಡ. ನಿನ್ನ ಸೀರಿ ನೀ ಉಡು, ನಿನ್ನ ಕೆಲಸ ನೀ ಮಾಡು. ನೀ ಯಾರಂತ ಅದಕ್ಕ ತಿಳೀಲಿ." ಅಂದಿನಿಂದ ಜೋಳದ ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ದೂರ ಇಟ್ಟು, ಅದಕ್ಕೆ ಬೆನ್ನು ಮಾಡಿ ತೊಗರಿಬೇಳೆ ಆರಿಸುತ್ತ ಕೂತೆ. ಸುಮ್ಮನಿರಲಾಗದೆ ಮಾತಾಡಿದೆ. ನಮ್ಮೂರಿನ ಕೆಂಪು ಬಾಳೆಹಣ್ಣು, ಅಪ್ಪನ ಗೊರಕೆ, ನನ್ನನ್ನು ಒಪ್ಪದೆ ಎದ್ದುಹೋದ ಎರಡು ಗಂಡುಗಳು... ಇದನ್ನೆಲ್ಲ ಈ ಮನೆಯಲ್ಲಿ ಬೇರೆ ಯಾರು ಕೇಳಿದ್ದರು? ಮೂರನೆಯ ದಿನ ಹಿಂದೆ ಲೊಚಲೊಚ ಸದ್ದಾಯಿತು. ತಿರುಗಲಿಲ್ಲ. ಬಟ್ಟಲನ್ನು ದಿನಕ್ಕೊಂದು ಗೇಣು ಹತ್ತಿರ ತಂದೆ.

ಇವತ್ತು ಬೆಳಿಗ್ಗೆ ಬಟ್ಟಲು ಇಡಲಿಲ್ಲ, ಅಂಗೈ ಚಾಚಿದೆ. ಬಂತು, ಮೂಸಿತು, ಉಂಡಿತು. ಚಹಾ ಕುಡಿಯುತ್ತಿದ್ದ ಇವರು ಕಪ್ಪು ಕೆಳಗಿಟ್ಟು ಅಲ್ಲೇ ಕುಕ್ಕರಿಸಿದರು. "ಕ್ಯಾಂಪಿನ್ಯಾಗ ಕಡೀ ದಿನ ಅಕಿ ಒಂದೇ ಮಾತು ಕೇಳಿದ್ಲು. 'ಮೋತಿ ಉಂಡಿರ್ತದೇನ್ರಿ?' ಅಂತ. ಹೂಂ ಅಂದಿದ್ರ ಆಗ್ತಿತ್ತು. ನನಗ ಬಾಯೇ ಬರಲಿಲ್ಲ" ಎಂದು ಅತ್ತುಬಿಟ್ಟರು. ಮದುವೆಯಾದ ಮೇಲೆ ನನ್ನೊಡನೆ ಇಷ್ಟು ಮಾತಾಡಿದ್ದು ಇದೇ ಮೊದಲು, ಅದೂ ನಿನ್ನ ಬಗ್ಗೆ. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆದರೂ ನೀನು ಕೇಳಿದ್ದಕ್ಕೆ ಯಾರಾದರೂ ಉತ್ತರ ಕೊಡಬೇಕಲ್ಲ. ಉಂಡಿತು, ಅಕ್ಕಾ. ನಿನ್ನ ಮೋತಿ ಇವತ್ತು ಒಂದೂವರೆ ರೊಟ್ಟಿ ಉಂಡಿತು.