ಫಾರ್ಮಿಗೆ ಸಹಿ ಹಾಕುವ ಮುಂಚೆ

ಪುಟ್ಟಿ,

ಇನ್ಶೂರೆನ್ಸ್ ಫಾರ್ಮಿನಲ್ಲಿ ತಪ್ಪೆಲ್ಲ ನಿನ್ನದೇ ಅಂತ ಬರೆದಿಟ್ಟಿದ್ದೀಯಲ್ಲ, ಅದಕ್ಕೆ ಸಹಿ ಹಾಕಬೇಡ. ಪಾರ್ಕಿಂಗಿನ ಕಾವಲುಗಾರ ಕ್ಯಾಮೆರಾದ ರೆಕಾರ್ಡಿಂಗ್ ತೋರಿಸಿದ. ನೀನು ರಿವರ್ಸ್ ತೆಗೆಯುವಾಗ ಎದುರು ಸಾಲಿನ ಬಿಳಿ ಕಾರೂ ಹಿಂದಕ್ಕೆ ಬರುತ್ತಿತ್ತು, ಹಾಗಾಗಿಯೇ ಎರಡೂ ಗುದ್ದಿಕೊಂಡವು. ತಪ್ಪು ಎರಡೂ ಕಡೆಯದು ಅಂತ ಬರೆ.

ಹಿಂದೆ ನಿಂತು "ಬಾ, ಬಾ" ಅಂದವಳು ಅಮ್ಮ ಅಂತಲೂ ಸೇರಿಸು. ನನ್ನನ್ನು ಬಚಾವು ಮಾಡಲು ಹೋಗಬೇಡ.

"ಅಮ್ಮಾ, ಗಾಡಿ ಬಿಟ್ಟು ಎಲ್ಲಿ ನೋಡ್ತಿದ್ರಿ?" ಅಂತ ಆ ಕಾವಲುಗಾರ ನನ್ನನ್ನು ಕೇಳಿ ನಕ್ಕ. ನಿನಗೆ ರಾತ್ರಿ ಪಾಳಿ, ನನಗೆ ಹಗಲು. ಹದಿನೆಂಟು ದಿನದ ಮೇಲೆ ಕಾರಿನ ಕನ್ನಡಿಯಲ್ಲಿ ನಿನ್ನ ಮುಖ ಕಂಡಿತ್ತು, ಅದನ್ನೇ ನೋಡುತ್ತ ನಿಂತುಬಿಟ್ಟೆ.

ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ತಿನ್ನು. ಒಗೆದ ಬಟ್ಟೆ ಒಣಹಾಕಿ ಮಲಗು.

ನಾಳೆ ಗ್ಯಾರೇಜಿನಲ್ಲಿ ಮೂರು ಗಂಟೆ ಕಾಯಬೇಕಂತೆ. ಒಬ್ಬಳೇ ಹೋಗಬೇಡ. ನಾನು ರಜೆ ಹಾಕಿದ್ದೇನೆ.

ಅಮ್ಮ