ಹುಬ್ಬಿಲ್ಲದ ಬಾಲ್ಕನಿ

ತಮ್ಮ ಕುಶಾಲಪ್ಪನಿಗೆ, ಪುತ್ತೂರಿನಿಂದ ಅಕ್ಕ ಬರೆಯುವುದು.

ನೀನಿದ್ದಾಗ ನಾನು ಹಾಕಿದ ಕಾಗದಗಳಲ್ಲೆಲ್ಲ ನಾಲ್ಕೇ ಸಾಲು. ಆರೋಗ್ಯ ನೋಡಿಕೋ. ಇಲ್ಲಿ ಎಲ್ಲರೂ ಕ್ಷೇಮ. ಬಾಲ್ಕನಿ ಈ ವರ್ಷವೂ ಸೋರಿತು. ಇತಿ, ಅಕ್ಕ. ಮೂರನೆಯ ಸಾಲನ್ನು ಒಂದು ಮಳೆಗಾಲವೂ ತಪ್ಪಿಸಲಿಲ್ಲ. ಇವತ್ತು ಸ್ವಲ್ಪ ಉದ್ದ ಬರೆಯುತ್ತೇನೆ. ದಣಿದಿದ್ದೇನೆ, ಅಕ್ಷರ ಸೊಟ್ಟವಾಗಿದ್ದರೆ ಹೊಂದಿಸಿಕೊಂಡು ಓದು.

ಬೊಂಬಾಯಿಯಿಂದ ನಕ್ಷೆಯ ಸುರುಳಿ ಹಿಡಿದುಕೊಂಡು ಬಂದ ದಿನ ನಿನಗೆ ನೆನಪಿದೆಯಾ? ಅಲ್ಲಿ ಕಂಟ್ರಾಕ್ಟರನ ಹತ್ತಿರ ನಕ್ಷೆ ಬರೆಯುವ ಕೆಲಸ ನಿನ್ನದು. ಪೇಟೆಯ ನಮ್ಮ ಹಂಚಿನ ಮನೆಗೆ, ಹಲಸಿನ ಕಂಬಗಳ ಪಕ್ಕದಲ್ಲೇ, ದುಂಡು ಸಿಮೆಂಟು ಬಾಲ್ಕನಿ ಕಟ್ಟುತ್ತೇನೆಂದೆ. "ಬೊಂಬಾಯಿಲಿ ಒಂದು ಮೈದಾನ ಉಂಟು, ಅದರ ಒಂದು ಬದಿಗೆ ಹಳೇ ಕಲ್ಲಿನ ಗೋಪುರಗಳು, ಇನ್ನೊಂದು ಬದಿಗೆ ಹೊಸ ದುಂಡು ಮನೆಗಳು. ಎದುರೆದುರೇ ಉಂಟಕ್ಕ, ಜಗಳ ಇಲ್ಲ" ಎಂದೆ. ನಾನು ಒಪ್ಪಿದೆ. ಕಿಟಕಿಗಳ ಮೇಲೆ ಸುತ್ತಲೂ ತೆಳ್ಳಗೆ ಹೊರಚಾಚಿದ ಸಿಮೆಂಟಿನ ಪಟ್ಟಿ, ನಿನ್ನ ಮಾತಿನಲ್ಲಿ ಹುಬ್ಬು, ಬರಬೇಕೆಂದು ನೀನು ಹೇಳಿದಾಗ ಮಾತ್ರ ಒಪ್ಪಲಿಲ್ಲ. ಆಗ ಸಿಮೆಂಟು ಸರಕಾರದ ಪರ್ಮಿಟ್ಟಿನಲ್ಲಿ ಅಳತೆಯಷ್ಟೇ ಸಿಗುತ್ತಿತ್ತು, ಬಾವಿಕಟ್ಟೆಗೂ ಬೇಕಿತ್ತು. "ಹುಬ್ಬು ಇಲ್ಲದಿದ್ರೆ ಕಣ್ಣು ಕಾಣುದಿಲ್ವಾ? ಶೋಕಿ ಸಾಕು" ಎಂದೆ ನಾನು. ನೀನು ಸುರುಳಿ ಸುತ್ತಿಟ್ಟೆ.

ಎದುರಿನ ಬಟ್ಟೆಯಂಗಡಿಯ ಮೋನು ಬ್ಯಾರಿ ಕೆಲಸ ಮುಗಿದ ದಿನವೇ ದುಂಡು ಬಾಲ್ಕನಿ ನೋಡಿ ತಮಾಷೆ ಶುರು ಮಾಡಿದರು. "ಅಕ್ಕಾ, ಹಡಗು ಬಂದು ನಿಂತುಂಟು. ಸಮುದ್ರ ಯಾವಾಗ ಬರುದು?" ಜೂನಿನಲ್ಲಿ ಬಂತು. ಗೋಡೆಯಲ್ಲಿ ಇಳಿದ ನೀರು ಕಿಟಕಿಯ ಸಂದಿನಿಂದ ಒಳಗೆ ಬಂದು ಅಮ್ಮನ ಮಂಚದವರೆಗೆ ಹರಿಯಿತು. ನೆಂಟರ ಮುಂದೆ ನಾನು, "ಊರಿನ ಮಳೆ ಗೊತ್ತಿಲ್ಲದ ಇಂಜಿನಿಯರ್ ಇವ" ಎಂದೆ. ನೀನು ನಕ್ಕೆ. ಆಮೇಲೆ ಊರಿಗೆ ಬರುವುದನ್ನೇ ಕಡಿಮೆ ಮಾಡಿದೆ. ಕೆಲಸ ಜಾಸ್ತಿ ಎಂದು ಬರೆಯುತ್ತಿದ್ದೆ. ಕೆಲಸವೇ ಆಗಿತ್ತಾ, ಅಥವಾ...

ಕಾಮಾಲೆಯಲ್ಲಿ ನೀನು ಹೋದೆಯೆಂದು ತಂತಿ ಬಂದ ಮೇಲೆ ಆ ಬಾಲ್ಕನಿಯ ಕಡೆ ನೋಡಲು ನನ್ನಿಂದ ಆಗಲಿಲ್ಲ. ನಿನ್ನ ಪೆಟ್ಟಿಗೆ ತರಲು ಹೊರಟಾಗ ಬಾಬು ಮೇಸ್ತ್ರಿಗೆ ಹೇಳಿದೆ, ನಾನು ಬಂದ ಮರುದಿನವೇ ಅದನ್ನು ಒಡೆಯಬೇಕು ಎಂದು.

ಬೊಂಬಾಯಿಯಲ್ಲಿ ನಿನ್ನ ಕೋಣೆಯ ಜೊತೆಗಾರ, ಇಚಿಲಂಪಾಡಿಯ ಸೀತಾರಾಮ, ನನ್ನನ್ನು ನೀನು ಹೇಳಿದ್ದ ಆ ಮೈದಾನಕ್ಕೆ ಕರೆದುಕೊಂಡು ಹೋದ. ನಡುಮಧ್ಯಾಹ್ನ. ಒಂದು ಬದಿಗೆ ಕಪ್ಪುಗಟ್ಟಿದ ಕಲ್ಲು, ಚೂಪು ಕಮಾನು, ಗಡಿಯಾರದ ಗೋಪುರ. ಇನ್ನೊಂದು ಬದಿಗೆ ಕೆನೆಬಣ್ಣದ ಮನೆಗಳು. ದುಂಡು ಬಾಲ್ಕನಿಗಳು ನಮ್ಮ ಮನೆಯದರಂತೆಯೇ. ಆದರೆ ಪ್ರತಿ ಕಿಟಕಿಯ ಮೇಲೂ ಮೂಲೆ ಸುತ್ತಿ ಹೋದ ಹುಬ್ಬು.

"ಮಳೆನೀರು ಗೋಡೆಗೆ ತಾಗದ ಹಾಗೆ ಮಾಡುದು ಅದೇ ಅಕ್ಕ" ಎಂದ ಸೀತಾರಾಮ. "ಊರಿನ ಮನೆಗೆ ಅದನ್ನು ಇಡ್ಲಿಕ್ಕೆ ನಾನೇ ಮರೆತೆ ಅಂತ ಕುಶಾಲಪ್ಪ ಯಾವಾಗಲೂ ಹೇಳುದು. ಈ ಎರಡು ಬದಿಯಲ್ಲಿ ಒಂದನ್ನೂ ಒಡೀಲಿಕ್ಕೆ ಬಿಡಬಾರದು ಅಂತಲೂ ಹೇಳ್ತಿದ್ದ. ಒಂದು ಹೋದರೆ ಇನ್ನೊಂದು ಯಾರ ಮುಖ ನೋಡುದು, ಅಂತ."

ಮರೆತೆ ಎಂದೆಯಾ? ಅಕ್ಕ ಬೇಡ ಅಂದಳು ಎನ್ನಲು ನಿನಗೇನಾಗಿತ್ತು? ಬಿಸಿಲಿಗೆ ಹಣೆಯ ಬೆವರು ಇಳಿದು ನನ್ನ ಹುಬ್ಬಿನಲ್ಲಿ ನಿಂತಿತು. ಸೀತಾರಾಮನಿಗೆ ನಿಜ ಹೇಳಬೇಕಿತ್ತು. ಊರಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ.

ಊರಿಗೆ ಬಂದ ಮರುದಿನ ಬಾಬು ಮೇಸ್ತ್ರಿ ಹಾರೆ ಹಿಡಿದು ನಿಂತಿದ್ದ. "ಯಾವ ಕಡೆಯಿಂದ ಒಡೆಯುದಕ್ಕ?"

"ಒಡೆಯುದು ಬೇಡ. ನಾನಿರುವವರೆಗೆ ಅದಕ್ಕೆ ಯಾರೂ ಹಾರೆ ಹಾಕ್ಲಿಕ್ಕಿಲ್ಲ. ಹುಬ್ಬು ಕಟ್ಟು. ನಕ್ಷೆ ಅವನ ಪೆಟ್ಟಿಗೆಯಲ್ಲಿ ಉಂಟು."

ಮೋನು ಬ್ಯಾರಿ ಅಂಗಡಿಯಿಂದ ಇಳಿದು ಬಂದರು. "ಎಂತ ಅಕ್ಕಾ, ತಮ್ಮ ಮಾಡಿದ ತಪ್ಪನ್ನು ಸರಿ ಮಾಡಿಸುದಾ?"

ಸಂತೆಯ ದಿನ. ರಸ್ತೆ ತುಂಬಾ ಜನ. "ತಪ್ಪು ಅವನದ್ದಲ್ಲ ಮಾರಾಯ್ರೆ. ಅವ ಬೇಕು ಅಂದಿದ್ದ. ಬೇಡ ಅಂದದ್ದು ನಾನು."

ಅವರು ಟೋಪಿ ಸರಿಮಾಡಿಕೊಂಡರು. ಆಮೇಲೆ ಬಾಬುವಿನ ಏಣಿಯನ್ನು ತಾವೇ ಹಿಡಿದರು.

ಮೊನ್ನೆ ಮಧ್ಯಾಹ್ನ ಈ ವರ್ಷದ ಮೊದಲ ದೊಡ್ಡ ಮಳೆ. ಅಭ್ಯಾಸದಂತೆ ಕಿಟಕಿಯ ಕೆಳಗೆ ಹಿತ್ತಾಳೆ ಪಾತ್ರೆ ಇಟ್ಟು, ಪಕ್ಕದಲ್ಲೇ ಕುಳಿತೆ. ಮಳೆ ನಿಂತ ಮೇಲೆ ಒಳಗೆ ಕೈಹಾಕಿ ನೋಡಿದೆ. ಪಾತ್ರೆ ಒಣಗಿಯೇ ಇತ್ತು.

ಇನ್ನು ನಿನಗೆ ಬರೆಯಲು ಆ ಮೂರನೆಯ ಸಾಲು ಇಲ್ಲ, ತಮ್ಮ.

ಅಕ್ಕ