ಪಿನ್ ಇದ್ದ ಚೀಟಿ

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 6.10

ಮಾವ ಇದೀಗ ದಾಟಿ ಹೋದರು. ಕೈಯಲ್ಲಿ ನೀರಿನ ಕ್ಯಾನ್, ಕಣ್ಣು ನೇರ ಸೀಲಿಂಗಿಗೆ, ಬಾಯಲ್ಲಿ ದಿನದ ಡೈಲಾಗ್ — "ನಾನೇನೂ ನೋಡ್ಲಿಲ್ಲಪ್ಪ."

ಟೆರೇಸಿಗೆ ಹೋಗುವ ಮೆಟ್ಟಿಲು ಇರುವುದು ನಮ್ಮ ಬೆಡ್‌ರೂಮಿನ ಒಳಗೆ. ಹೂಕುಂಡ, ಒಗೆದ ಬಟ್ಟೆ, ನೀರಿನ ಟ್ಯಾಂಕು, ಎಲ್ಲ ಮೇಲೆ. ಹಾಗಾಗಿ ಬಾಗಿಲಿಗೆ ಚಿಲಕವೇ ಇಲ್ಲ. ಮದುವೆಯಾಗಿ ಐವತ್ತೆರಡು ದಿನ. ಐವತ್ತೆರಡು ದಿನವೂ ಗಿಡಗಳಿಗೆ ನೀರು ಸಿಕ್ಕಿದೆ. ನಮಗೆ ಒಂದು ಮುತ್ತೂ ಪೂರ್ತಿ ಸಿಕ್ಕಿಲ್ಲ. ಛೀ, ಬರೆದೇಬಿಟ್ಟೆ! ಇರಲಿ. ಯಾರು ಓದುತ್ತಾರೆ.

ಆದರೆ... ಆದರೆ... ಆದರೆ! ನಿನ್ನೆ ಸಂಜೆ ಫೈನಲ್ ಆಯಿತು. ಕ್ರೂಸ್!! ಮಾವ ಬಸ್ ಡಿಪೋದಿಂದ ರಿಟೈರ್ ಆದ ಖುಷಿಗೆ ಇಡೀ ಮನೆ ಐದು ದಿನ ಹಡಗಿನಲ್ಲಿ. ಒಂಬತ್ತು ಜನ. ಕ್ಯಾಬಿನ್ ಹಂಚುವ ಜವಾಬ್ದಾರಿ ಯಾರದ್ದು? ನನ್ನದು!

"ಫಾರಂ ಎಲ್ಲಾ ಇಂಗ್ಲಿಷಲ್ಲಿದೆ. ಹೊಸಬಳು ನೋಡ್ಕೋತಾಳೆ ಬಿಡಿ" ಅಂದರು ಅತ್ತೆ.

ನೋಡಿಕೊಳ್ಳದೆ? ಡೆಂಟಲ್ ಕ್ಲಿನಿಕ್ಕಿನಲ್ಲಿ ಎರಡು ಕುರ್ಚಿಗೆ ದಿನಕ್ಕೆ ಮೂವತ್ತು ಹಲ್ಲುನೋವು ಹೊಂದಿಸುವವಳು ನಾನು.

ಮಾರ್ಚ್ 5, ಗುರುವಾರ. ಕ್ಲಿನಿಕ್, ಊಟದ ಬಿಡುವು

ಟ್ರಾವೆಲ್ಸ್ ಆಫೀಸಿಗೆ ಹೋಗಿ ಬಂದೆ. ಅಲ್ಲಿನ ಮೇಡಂ ಬಹಳ ಸ್ಟ್ರಿಕ್ಟ್. "ಹದಿನಾರಕ್ಕೆ ಹೆಸರುಗಳು ಬೇಕು. ಆಮೇಲೆ ಗೋಗರೆದರೂ ಬದಲಾಗಲ್ಲ."

ನಮಗೆ ನಾಲ್ಕು ಕ್ಯಾಬಿನ್. ದೊಡ್ಡದು ನಾದಿನಿ, ಅವಳ ಗಂಡ, ಅವಳಿ ಹೆಣ್ಣುಮಕ್ಕಳಿಗೆ. ಅದರಲ್ಲಿ ಚರ್ಚೆಯೇ ಇಲ್ಲ. ಉಳಿದದ್ದು ಮೂರು. ಒಂದಕ್ಕೆ ದುಂಡು ಕಿಟಕಿ. ಒಂದಕ್ಕೆ ಕಿಟಕಿಯೇ ಇಲ್ಲ, ನಾಲ್ಕೂ ಕಡೆ ಗೋಡೆ. ಇವೆರಡೂ ನಾಲ್ಕನೇ ಡೆಕ್ಕಿನಲ್ಲಿ, ನಾದಿನಿಯ ಕ್ಯಾಬಿನ್ನಿನ ಸಾಲಿನಲ್ಲೇ. ಮೂರನೆಯದು...

ಮೂರನೆಯದಕ್ಕೆ ಬಾಲ್ಕನಿ! ಹತ್ತನೇ ಡೆಕ್, ಕಟ್ಟಕಡೆಯ ಬಾಗಿಲು. ಮೇಡಂ ವಿಡಿಯೋ ತೋರಿಸಿದರು. ಸಮುದ್ರ, ಎರಡು ಬೆತ್ತದ ಕುರ್ಚಿ, ಬಿಳಿ ಹಾಸಿಗೆ. ಕೊನೆಗೆ ಒಂದು ಕೈ ಬಂದು ಬಾಗಿಲು ಹಾಕಿ ಬೋಲ್ಟ್ ಸರಿಸುತ್ತದೆ. ಟಕ್.

ಆ ಟಕ್ ಅನ್ನು ಮೂರು ಸಲ ಹಾಕಿಸಿದೆ. "ಸಮುದ್ರ ಇಷ್ಟಾನಾ?" ಅಂತ ಮೇಡಂ ಕೇಳಿದರು. "ತುಂಬಾ" ಅಂದೆ.

ಮಾರ್ಚ್ 6, ಶುಕ್ರವಾರ

ಬಾಲ್ಕನಿ ಯಾರಿಗೆ ಅಂತ ಎಲ್ಲರನ್ನೂ ಕೇಳಿದೆ. ಈ ಮನೆಯಲ್ಲಿ ಯಾರೂ ಏನನ್ನೂ ಬೇಕು ಅನ್ನುವುದಿಲ್ಲ.

ಅತ್ತೆ: "ನಮಗೆ ಎಲ್ಲಾದ್ರೂ ಸರಿ."

ಅಕ್ಕಯ್ಯ: "ನಂಗೇನಮ್ಮ, ಒಂದು ಮೂಲೆ ಸಾಕು." ಅಕ್ಕಯ್ಯ ಅಂದರೆ ಮಾವನ ಅಕ್ಕ. ಮದುವೆ ಮಾಡಿಕೊಳ್ಳಲಿಲ್ಲ. ಪೇಟೆಯಲ್ಲಿ ನಲವತ್ತು ವರ್ಷ ಬಟ್ಟೆ ಹೊಲಿದವರು. ಹಡಗಿನಲ್ಲೂ ಅವರಿಗೊಂದು ಪ್ರತ್ಯೇಕ ಕ್ಯಾಬಿನ್.

ನಾನೂ "ನಮಗೂ ಎಲ್ಲಾದ್ರೂ ಸರಿ" ಅಂದೆ. ಎಷ್ಟು ದೊಡ್ಡ ಸುಳ್ಳು! ಕಿವಿ ಬಿಸಿಯಾಯಿತು.

ಮಾವ ಮೇಜು ಕುಟ್ಟಿದರು. "ಹಾಗಾದ್ರೆ ಡಬ್ಬಿ ತೆಗೀರಿ. ಭಾನುವಾರ ಹನ್ನೊಂದಕ್ಕೆ ಸರಿಯಾಗಿ."

ಡಬ್ಬಿ! ಮಾವ ಡಿಪೋದಲ್ಲಿ ಡ್ರೈವರುಗಳಿಗೆ ರೂಟು ಹಂಚುತ್ತಿದ್ದದ್ದು ಚೀಟಿ ಎತ್ತಿಸಿ. ಆ ಪದ್ಧತಿಯನ್ನೇ ಮನೆಗೂ ತಂದಿದ್ದಾರೆ. ಯಾವ ಕೋಣೆ ಯಾರಿಗೆ, ಹೊಸ ಛತ್ರಿ ಯಾರಿಗೆ, ಎಲ್ಲಾ ಹಳೆಯ ಪೌಡರ್ ಡಬ್ಬಿಯೊಳಗಿನ ಚೀಟಿಯೇ ಹೇಳುವುದು. ನಮಗೆ ಈ ಮೆಟ್ಟಿಲಿನ ಕೋಣೆ ಗಂಟುಬಿದ್ದದ್ದೂ ಹಾಗೆಯೇ. ಚೀಟಿ ಬರೆಯುತ್ತಿದ್ದದ್ದು ಮೂವತ್ತೊಂದು ವರ್ಷದಿಂದ ಅತ್ತೆ. ಇವತ್ತು ಡಬ್ಬಿಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟರು.

"ಇನ್ಮೇಲೆ ನೀನೇ ಬರಿ."

ಖುಷಿಗೆ ಅವರನ್ನು ತಬ್ಬಿಕೊಂಡುಬಿಟ್ಟೆ. ಅವರಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ, ಪಾಪ.

ಮಾರ್ಚ್ 8, ಭಾನುವಾರ. 10.35

ಮಾಡಿಬಿಟ್ಟೆ. ಮೂರು ಚೀಟಿ. ಬಾಲ್ಕನಿ ಅಂತ ಬರೆದದ್ದಕ್ಕೆ, ಮಡಿಸಿದ ಮೇಲೆ, ಒಂದು ಸ್ಟೇಪಲ್ ಪಿನ್. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಮಾತ್ರ ತಿಳಿಯುತ್ತದೆ. ಇವನಿಗೆ ಹೇಳಿದೆ.

"ನಾನು ಕಟ್ಟಿಕೊಂಡಿರೋದು ಒಬ್ಬಳು ಕ್ರಿಮಿನಲ್ಲನ್ನ!" ಅಂದ. ಬೈದದ್ದಲ್ಲ. ಕಣ್ಣು ಮಿನುಗುತ್ತಿತ್ತು!

ಅದೇ ದಿನ. 11.40

ಭೂಮಿ ಬಾಯಿ ಬಿಡಬಾರದೇ.

ಬರೆದವರೇ ಮೊದಲು ಎತ್ತುವುದು ಅಂದುಕೊಂಡಿದ್ದೆ. ಕ್ಲಿನಿಕ್ ಬುದ್ಧಿ, ರಿಜಿಸ್ಟರ್ ಇರುವವಳದ್ದೇ ರಾಜ್ಯ. ಇಲ್ಲಿ ಹಿರಿಯರು ಮೊದಲು! ಅಕ್ಕಯ್ಯ ಡಬ್ಬಿಗೆ ಕೈ ಹಾಕಿದರು. ನಲವತ್ತು ವರ್ಷ ಬಟ್ಟೆಯಲ್ಲಿ ಸೂಜಿ ಹುಡುಕಿದ ಬೆರಳು. ಸೀದಾ ಅದನ್ನೇ ಎತ್ತಿತು.

"ಇದರಲ್ಲೇನೋ ಸೂಜಿ ಇದ್ದ ಹಾಗಿದೆಯಲ್ಲ?"

ಎಲ್ಲರೂ ನನ್ನನ್ನು ನೋಡಿದರು. ನಾನು ಫ್ಯಾನ್ ನೋಡಿದೆ.

"ಕ್ಲಿನಿಕ್ಕಿನ ಕಾಗದ ಅಲ್ವಾ, ಪಿನ್ ಸೇರಿಕೊಂಡಿರುತ್ತೆ" ಅಂದರು ಅತ್ತೆ, ತಣ್ಣಗೆ.

ಬಾಲ್ಕನಿ ಅಕ್ಕಯ್ಯನಿಗೆ. ಕಿಟಕಿ ಮಾವ–ಅತ್ತೆಗೆ. ನಮಗೆ ನಾಲ್ಕು ಗೋಡೆ.

ಮಾರ್ಚ್ 13, ಶುಕ್ರವಾರ

ಐದು ದಿನ ಬರೆಯಲು ಮುಖವಿರಲಿಲ್ಲ. ಬೇಗ ಕೆಲಸಕ್ಕೆ ಹೋಗಿ ತಡವಾಗಿ ಬರುತ್ತಿದ್ದೆ. ಇವತ್ತು ಅತ್ತೆ ಅಡುಗೆಮನೆಯಲ್ಲಿ ಅಡ್ಡ ನಿಂತರು.

"ಪಿನ್ ಹಾಕ್ತಾರೇನೇ ಯಾರಾದ್ರೂ? ಅದೂ ಟೈಲರ್ ಇರೋ ಮನೇಲಿ?"

ಅಳು ಬಂತು. ಅವರಿಗೆ ನಗು ಬಂತು.

"ಮೂರರಲ್ಲೂ ಒಂದೇ ಬರೀಬೇಕು ಕಣೇ. ಮೊದಲನೆಯವರು ಬಿಚ್ಚಿ ಓದಿದ ತಕ್ಷಣ, ಮಿಕ್ಕಿದ್ದು ಯಾರೂ ಮುಟ್ಟೋಕೆ ಮುಂಚೆ, ಪಾತ್ರೆ ತೊಳೆಯೋ ನೀರಿಗೆ."

"ಅತ್ತೇ! ನೀವೂ...?"

"ಮೂವತ್ತೊಂದು ವರ್ಷ. ಆದ್ರೆ ಒಂದು ಸಲಾನೂ ನನಗೋಸ್ಕರ ಅಲ್ಲ. ಈ ಮನೇಲಿ ಯಾರಿಗೂ ಬಾಯಿ ಬಿಟ್ಟು ಕೇಳೋಕೆ ಬರಲ್ಲ. ಕೇಳದೇ ಇರೋರು ಯಾರು ಅಂತ ನೋಡ್ಕೊಂಡು ಅವರಿಗೇ ಬರೋ ಹಾಗೆ ಮಾಡ್ತಿದ್ದೆ. ಬೆಳಕಿರೋ ಕೋಣೆ ಅಕ್ಕಯ್ಯಂಗೆ ಹೇಗೆ ಬಂತು ಅಂದ್ಕೊಂಡೆ?"

"ಮತ್ತೆ ನಮಗೆ ಮೆಟ್ಟಿಲಿನ ಕೋಣೆ?"

ಅತ್ತೆ ಲೋಟ ಒರೆಸುತ್ತಾ ಆ ಕಡೆ ತಿರುಗಿದರು. "ಮದುವೆ ಗಲಾಟೇಲಿ ಪುರಸೊತ್ತಾಗ್ಲಿಲ್ಲ. ಅದೊಂದು ಮಾತ್ರ ನಿಜವಾದ ಚೀಟಿ."

ಮಾರ್ಚ್ 14, ಶನಿವಾರ

ಅಕ್ಕಯ್ಯ ನನ್ನನ್ನು ತಮ್ಮ ಕೋಣೆಗೆ ಕರೆದರು. ಹೊಲಿಗೆ ಯಂತ್ರದ ಮೇಲೆ ನೀಲಿ ಬಟ್ಟೆ, ಚೌಕ, ಅಂಚಿಗೆ ಬಿಳಿ ದಾರ.

"ನಾಳೆ ಇನ್ನೊಂದು ಸಲ ಎತ್ತೋಣ ಅಂತ ತಮ್ಮಂಗೆ ಹೇಳಿದೀನಿ. ಆ ಪಿನ್ನಿನ ಚೀಟಿ ಲೆಕ್ಕಕ್ಕಿಲ್ಲ. ಸೂಜಿ ಬಿಟ್ಟ ಬಟ್ಟೇನ ಗಿರಾಕಿಗೆ ಕೊಡ್ತೀವಾ?" ಆಮೇಲೆ ಸಣ್ಣ ದನಿಯಲ್ಲಿ, "ಚಿಕ್ಕ ವಯಸ್ಸು ನಿಮ್ಮದು. ನಿಮಗೇ ಬರಲಿ ಬಿಡು."

ಅಯ್ಯೋ! ಟಕ್ ಎಂಬ ಸದ್ದು ಕಿವಿಯಲ್ಲೇ ಕೇಳಿಸಿತು. ಸುಮ್ಮನಿದ್ದರೆ ಸಾಕು. ಬಾಲ್ಕನಿ ನಮಗೂ ಬರಬಹುದು.

"ಇದೇನು ಹೊಲೀತಿದ್ದೀರಿ?" ಅಂದೆ, ಮಾತು ಮರೆಸಲು.

"ಏನಿಲ್ಲ... ಬೆತ್ತದ ಕುರ್ಚಿ ಒತ್ತುತ್ತೆ ಅಂತ ಒಂದು ದಿಂಬು. ನೀ ಹೇಳಿದ ಆ ವಿಡಿಯೋದಲ್ಲಿ ಕುರ್ಚಿ ಕಟಕಟೆಗೆ ಎಷ್ಟು ಹತ್ತಿರ ಇತ್ತು? ಕೂತಲ್ಲಿಂದ ನೀರು ಕಾಣುತ್ತಾ?" ಕೇಳಿದ್ದೇ ತಪ್ಪು ಎಂಬಂತೆ ನಾಲಿಗೆ ಕಚ್ಚಿಕೊಂಡರು. "ಯಾರು ಕೂತ್ರೂ ದಿಂಬು ಬೇಕಲ್ಲ."

ಅಂಗಡಿಯಲ್ಲಿ ಅವರ ಮಿಷನ್ ಗೋಡೆಗೆ ಮುಖ ಮಾಡಿತ್ತಂತೆ. ನಲವತ್ತು ವರ್ಷ ಕತ್ತೆತ್ತಿದರೆ ಕ್ಯಾಲೆಂಡರ್ ಮಾತ್ರ. ಬಂದವಳೇ ಇವನಿಗೆ ಹೇಳಿದೆ. ಇವನು ಸ್ವಲ್ಪ ಹೊತ್ತು ನಮ್ಮ ಚಿಲಕವಿಲ್ಲದ ಬಾಗಿಲನ್ನೇ ನೋಡಿದ.

"ಬರಿ ಹಾಗಾದ್ರೆ" ಅಂದ.

ಐ ಲವ್ ಹಿಮ್, ಐ ಲವ್ ಹಿಮ್, ಐ ಲವ್ ಹಿಮ್.

ಮಾರ್ಚ್ 15, ಭಾನುವಾರ. 11.20

ಮೂರು ಚೀಟಿ. ಮೂರರಲ್ಲೂ ಬಾಲ್ಕನಿ.

ಅಕ್ಕಯ್ಯ ಎತ್ತಿದರು. ಎರಡೂ ಕಡೆ ತಡವಿದರು. "ಈ ಸಲ ಸೂಜಿ ಇಲ್ಲ." ಬಿಚ್ಚಿದರು. ಓದಿದರು. ಮತ್ತೆ ಓದಿದರು. ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು, ಒರೆಸಿದರು, ಒರೆಸಿದರು...

ಮಾವ ಡಬ್ಬಿಗೆ ಕೈ ಚಾಚಿದರು! ಅಷ್ಟರಲ್ಲಿ ಅತ್ತೆ ಡಬ್ಬಿ ಎತ್ತಿಕೊಂಡು ಸಿಂಕಿನ ಕಡೆ ನಡೆದಿದ್ದರು. "ಮಿಕ್ಕಿದ್ದಕ್ಕೇನು ಚೀಟಿ? ಕಿಟಕಿ ನಮಗೆ. ಗೋಡೆ ಮಕ್ಕಳಿಗೆ."

"ಪದ್ಧತಿ ಅಂತ ಒಂದಿದೆ ಕಣೇ" ಅಂದರು ಮಾವ.

"ಡಿಪೋದಲ್ಲಿ ನೀವು ಮಾಡ್ತಿದ್ದ ಪದ್ಧತಿ ನಂಗೊತ್ತಿಲ್ವಾ?"

ಮಾವ ಕೂಡಲೇ ಗಡಿಯಾರ ನೋಡಿಕೊಂಡು ಗಿಡಗಳಿಗೆ ನೀರು ಹಾಕಲು ಹೋದರು. ಹನ್ನೊಂದು ಗಂಟೆಗೆ! ನಮ್ಮ ಬೆಡ್‌ರೂಮಿನ ಮೂಲಕವೇ.

ಏಪ್ರಿಲ್ 4, ಶನಿವಾರ. ಮಧ್ಯಾಹ್ನ 4.25, ಹಡಗಿನ ಮೇಲೆ!!!

ಹೊರಟಿತು! ನೆಲ ಸಣ್ಣಗೆ ಗುನುಗುತ್ತಿದೆ. ಮೊದಲು ಎಲ್ಲರೂ ಹತ್ತನೇ ಡೆಕ್ಕಿಗೆ ಹೋದೆವು. ಅಕ್ಕಯ್ಯ ನೀಲಿ ದಿಂಬಿನ ಮೇಲೆ ಕೂತು ಎದುರಿಗೆ ನೋಡಿದರು. ಅಷ್ಟೇ. ಅವಳಿಗಳು "ಅಜ್ಜಿ, ಪೂಲ್ ನೋಡೋಣ ಬಾ" ಅಂತ ಎಳೆದಾಡಿದರೂ ಏಳಲಿಲ್ಲ. "ನೀವು ನೋಡಿ ಬನ್ರೇ. ನಂದು ಇನ್ನೂ ಮುಗಿದಿಲ್ಲ" ಅಂದರು.

ಆಮೇಲೆ ನಾವಿಬ್ಬರೂ ಕೆಳಗೆ ಬಂದೆವು. ನಾಲ್ಕು ಗೋಡೆ, ಒಂದು ಹಾಸಿಗೆ, ಒಂದು ಬಾಗಿಲು.

ಬಾಗಿಲಿಗೆ ಬೋಲ್ಟ್.

ಇರದೇ ಇರುತ್ತದೆಯೇ! ಎಲ್ಲ ಕ್ಯಾಬಿನ್ನಿಗೂ ಇದೆ! ವಿಡಿಯೋದಲ್ಲಿ ಬಾಲ್ಕನಿಯದ್ದು ಮಾತ್ರ ನೋಡಿ ಒಂದು ತಿಂಗಳು ಪ್ರಾಣ ಬಿಟ್ಟೆನಲ್ಲ, ಪೆದ್ದಿ. ಇವನು ಸರಿಸಿದ. ಟಕ್. ತೆಗೆದ. ಟಕ್. ಮತ್ತೆ ಹಾಕಿದ. ಇಬ್ಬರೂ ನೆಲದ ಮೇಲೆ ಬಿದ್ದು ಬಿದ್ದು ನಕ್ಕೆವು. ಲೈಟ್ ಆರಿಸಿದರೆ ಕತ್ತಲೋ ಕತ್ತಲು. ಕಿಟಕಿ ಇದ್ದಿದ್ದರೆ ಇದು ಸಿಗುತ್ತಿತ್ತೇ?

4.40

ಬಾಗಿಲ ಕೆಳಗಿನಿಂದ ಏನೋ ಜಾರಿ ಬಂತು. ನಾಲ್ಕು ಮಡಿಕೆಯ ಚೀಟಿ. ಬೆರಳಿಗೆ ಚುಚ್ಚಿತು — ಪಿನ್! ಅತ್ತೆಯ ದುಂಡು ಅಕ್ಷರ:

"ಏಳೂವರೆವರೆಗೆ ಎಲ್ಲರೂ ಬಾಲ್ಕನಿಯಲ್ಲಿ. ನೀವು ಬರಬೇಡಿ."

ಇವನು ಪೆನ್ನು ಕೇಳುತ್ತಿದ್ದಾನೆ. ಇನ್ನು ಎರಡೇ ಸಾಲು ಅಂದೆ. ಒಂದು ಅಂದ. ಸರಿ, ಒಂದು. ಇವತ್ತು ಎಂಬತ್ತನಾಲ್ಕನೇ ದಿನ, ಮತ್ತು ಮೊಟ್ಟಮೊದಲ ಸಲ ನಾವು